ಗುಜರಿಯವನ ತಕ್ಕಡಿಯಲ್ಲಿ ಮೊಬೈಲ್

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೋಲ್ಕತಾದಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ಕರೆ ಮಾಡಿದರು. ನಮ್ಮ ದೇಶದಲ್ಲಿ ಮೊಬೈಲ್ ಯುಗ ಆರಂಭವಾದದ್ದು ಹೀಗೆ. ಆಗ ಕರೆ ಮಾಡುವವರು ಮಾತ್ರವಲ್ಲ, ಸ್ವೀಕರಿಸುವವರೂ ಹಣ ತೆರಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಅಂದು ಮೊಬೈಲ್ ಇದ್ದರೆ ಅದೇ ಒಂದು ದೊಡ್ಡಸ್ತಿಕೆ. ಇಂದು ನಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿ ಎರಡೋ ಮೂರೋ ಹಳೆಯ ಸೆಟ್‌ಗಳು ಧೂಳು ಹಿಡಿದು ಕುಳಿತಿವೆ. ಜೋಪಾನ ಮಾಡುತ್ತಿದ್ದ ವಸ್ತು ಮೂವತ್ತೇ ವರ್ಷಗಳಲ್ಲಿ ಕಸವಾದದ್ದು ಹೇಗೆ?

ಆರಂಭದ ದಿನಗಳಲ್ಲಿ ಮೊಬೈಲ್ ಅಷ್ಟು ಸುಲಭವಾಗಿ ಸಾಯುತ್ತಿರಲಿಲ್ಲ. ಬ್ಯಾಟರಿ ಹೋದರೆ ಹಿಂಬದಿಯ ಮುಚ್ಚಳ ತೆಗೆದು ನಾವೇ ಹೊಸದನ್ನು ಹಾಕುತ್ತಿದ್ದೆವು. ಗುಂಡಿ ಸವೆದರೆ, ಕವಚ ಒಡೆದರೆ ಪೇಟೆಯ ಚಿಕ್ಕ ಅಂಗಡಿಯಲ್ಲಿ ದುರಸ್ತಿ ಆಗುತ್ತಿತ್ತು. ಅಣ್ಣನ ಸೆಟ್ ತಮ್ಮನಿಗೆ, ತಮ್ಮನದು ಊರಿನಲ್ಲಿರುವ ತಾಯಿಗೆ ಹೋಗುತ್ತಿತ್ತು. ಮರುಬಳಕೆ ಎಂಬ ಪದವನ್ನು ಯಾರೂ ಹೇಳಿಕೊಡದಿದ್ದರೂ ನಾವು ಅದನ್ನೇ ಮಾಡುತ್ತಿದ್ದೆವು. ಸ್ಮಾರ್ಟ್‌ಫೋನ್‌ಗಳು ಬಂದ ಮೇಲೆ ಬ್ಯಾಟರಿ ಅಂಟಿನೊಳಗೆ ಸೇರಿತು. ಬಿಡಿಭಾಗ ದುಬಾರಿಯಾಯಿತು. ಯಂತ್ರ ಸರಿಯಿದ್ದರೂ ತಂತ್ರಾಂಶ ಹಳೆಯದಾಯಿತು. ದುರಸ್ತಿಗಿಂತ ಹೊಸದೇ ಲೇಸು ಎಂಬ ಮಾತು ಅಂಗಡಿಯವನಿಂದ ನಮ್ಮ ಬಾಯಿಗೂ ಬಂತು.

ಆದರೆ ನಾವು ಎಸೆಯುವುದು ಬರೀ ಕಸವಲ್ಲ. ಮೊಬೈಲಿನೊಳಗೆ ತಾಮ್ರ, ಬೆಳ್ಳಿ, ಪಲ್ಲಾಡಿಯಂ, ಕೋಬಾಲ್ಟ್ ಇವೆ, ಚಿನ್ನವೂ ಇದೆ. ಚಿನ್ನದ ಬೆಲೆ ಏನೆಂದು ಕನ್ನಡಿಗರಿಗೆ ಕೋಲಾರ ಕಲಿಸಿದೆ. ನೂರಿಪ್ಪತ್ತು ವರ್ಷಗಳ ಕಾಲ ಕಾರ್ಮಿಕರು ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂಡೆ ಒಡೆದರು. ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. 2001ರಲ್ಲಿ ಗಣಿ ಮುಚ್ಚಿತು. ಸಯನೈಡ್ ಬೆರೆತ ದಿಬ್ಬಗಳು ಊರಿನ ನಡುವೆ ಉಳಿದವು. ಬ್ಯಾಟರಿ ತೆಗೆದ ಒಂದು ಟನ್ ಹಳೆಯ ಮೊಬೈಲ್‌ಗಳಲ್ಲಾದರೋ ನೂರಾರು ಗ್ರಾಂ ಚಿನ್ನವಿರುತ್ತದೆ. ಕೋಲಾರದ ಗಣಿ ಮುಚ್ಚಿದ ಕಾಲಕ್ಕೇ ನಮ್ಮ ಮನೆಗಳಲ್ಲಿ ಇನ್ನೊಂದು ಗಣಿ ತೆರೆದುಕೊಂಡಿತು.

ಈ ಗಣಿಯನ್ನು ಮೊದಲು ಕಂಡುಕೊಂಡವರು ಬಡವರು. ವಿದೇಶಗಳಿಂದ ಬಂದಿಳಿಯುತ್ತಿದ್ದ ಹಳೆಯ ಕಂಪ್ಯೂಟರ್‌ಗಳನ್ನು ಒಡೆಯುತ್ತಾ ದಿಲ್ಲಿಯ ಸೀಲಂಪುರದ ಜನ ಈ ಕಸುಬು ಕಲಿತರು. ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಉತ್ತರ ಪ್ರದೇಶದ ಮುರಾದಾಬಾದಿನಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಕೆಲಸ ಮನೆಮನೆಗೆ ಹಬ್ಬಿತು. ಬೂದಿ ರಾಮಗಂಗಾ ನದಿಯ ದಡ ಸೇರಿತು. ಸೀಸದ ಹೊಗೆ ಹೆಂಗಸರ, ಮಕ್ಕಳ ಎದೆ ಸೇರಿತು. ಲಾಭದ ದೊಡ್ಡ ಪಾಲು ವ್ಯಾಪಾರಿಗೆ, ವಿಷ ಮಾತ್ರ ಕೂಲಿಯವನಿಗೆ.

ಹಾಗೆಂದು ಇದಕ್ಕೆ ಬೇರೆ ದಾರಿಯೇ ಇಲ್ಲವೆಂದಲ್ಲ. 2005ರಲ್ಲಿ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ ಆರಂಭವಾಯಿತು. ಇ-ತ್ಯಾಜ್ಯವನ್ನು ವೈಜ್ಞಾನಿಕವಾಗಿ ಬಿಡಿಸಲು ಸರಕಾರದ ಅನುಮತಿ ಪಡೆದ ದೇಶದ ಮೊದಲ ಘಟಕ ಇದು. ಜಪಾನಿನ ಜನ 2017ರಿಂದ 2019ರ ತನಕ ಸುಮಾರು 62 ಲಕ್ಷ ಹಳೆಯ ಮೊಬೈಲ್‌ಗಳನ್ನೂ ಇತರ ಸಣ್ಣ ಉಪಕರಣಗಳನ್ನೂ ಒಪ್ಪಿಸಿದರು. ಅದರಿಂದ ದೊರೆತ 32 ಕಿಲೋ ಚಿನ್ನ ಮತ್ತು ಬೆಳ್ಳಿ, ಕಂಚುಗಳಿಂದ ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳು ತಯಾರಾದವು.

ನಮ್ಮಲ್ಲಿ ಕಾನೂನು ಬರಲು ತಡವಾಯಿತು. 2011ರಲ್ಲಿ ರಚನೆಯಾದ ಇ-ತ್ಯಾಜ್ಯ ನಿಯಮಗಳು 2012ರ ಮೇ ತಿಂಗಳಲ್ಲಿ ಜಾರಿಯಾದವು. ಮಾರಿದ ಕಂಪೆನಿಯೇ ಹಳೆಯದರ ಹೊಣೆ ಹೊರಬೇಕು ಎಂಬುದು ಅದರ ತಿರುಳು. 2016ರಲ್ಲಿ ಹೊಸ ನಿಯಮ ಬಂತು. 2022ರಲ್ಲಿ ಮತ್ತೊಂದು ಬಂದು 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರ ಪ್ರಕಾರ ತಯಾರಕ, ಉತ್ಪಾದಕ, ದುರಸ್ತಿ ಮಾಡಿ ಮರುಬಳಕೆಗೆ ಸಿದ್ಧಗೊಳಿಸುವವ ಮತ್ತು ಲೋಹ ಬೇರ್ಪಡಿಸುವ ಘಟಕ ನೋಂದಣಿ ಮಾಡಿಕೊಳ್ಳಬೇಕು. ಆದರೆ ನಮ್ಮ ಮನೆ ಬಾಗಿಲಿಗೆ ಬಂದು ಹಳೆಯ ಸಾಮಾನು ಕೊಂಡೊಯ್ಯುವ ಗುಜರಿಯವನಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಅವನನ್ನು ಹೊರಗಿಟ್ಟು ಇ-ತ್ಯಾಜ್ಯವನ್ನು ಒಟ್ಟುಗೂಡಿಸುತ್ತೇವೆ ಎನ್ನುವುದು ಬಾವಿಯನ್ನು ಬಿಟ್ಟು ನೀರು ಸೇದಿದಂತೆ. ಅವನ ಕಸುಬನ್ನು ಕಿತ್ತುಕೊಳ್ಳಬೇಕಾಗಿಲ್ಲ. ಅವನು ಸಂಗ್ರಹಿಸಲಿ, ಅದಕ್ಕೆ ನ್ಯಾಯವಾದ ಬೆಲೆ ಸಿಗಲಿ. ಸುಡುವ, ಆಮ್ಲದಲ್ಲಿ ಅದ್ದುವ ಅಪಾಯದ ಕೆಲಸ ಮಾತ್ರ ಘಟಕಕ್ಕೆ ಹೋಗಲಿ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾದ ರೀತಿಯಲ್ಲಿ ಸಂಗ್ರಹಿಸಿ ಮರುಸಂಸ್ಕರಿಸಿದ್ದು ಅದರ ಕಾಲು ಭಾಗವೂ ಇಲ್ಲ. ಮರುಸಂಸ್ಕರಣೆಗಿಂತ ಮೊದಲಿನ ಮೆಟ್ಟಿಲು ಮರುಬಳಕೆ. ಏಕೆಂದರೆ ಒಂದು ಮೊಬೈಲ್ ಪರಿಸರಕ್ಕೆ ಮಾಡುವ ಹಾನಿಯ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಇನ್ನೆರಡು ವರ್ಷ ಹೆಚ್ಚು ಬಳಸಿದರೆ ಒಂದು ಹೊಸ ಸೆಟ್ಟಿಗಾಗಿ ಭೂಮಿ ಅಗೆಯುವುದು ಅಷ್ಟು ಮುಂದಕ್ಕೆ ಹೋಗುತ್ತದೆ.

ಹಾಗಾದರೆ ನಾವೇನು ಮಾಡಬಹುದು? ಕೆಟ್ಟರೆ ಮೊದಲು ದುರಸ್ತಿಯವನ ಬಳಿ ಹೋಗೋಣ. ನಡೆಯುವ ಸೆಟ್ ಬೇಡವಾದರೆ ಮಾಹಿತಿ ಅಳಿಸಿ ಅಗತ್ಯವಿರುವವರಿಗೆ ಕೊಡೋಣ. ಪೂರ್ತಿ ಕೆಟ್ಟದ್ದನ್ನು, ಅದರಲ್ಲೂ ಉಬ್ಬಿದ ಬ್ಯಾಟರಿಯನ್ನು, ಮನೆಯ ಕಸದೊಂದಿಗೆ ಬೆರೆಸದೆ ನೋಂದಾಯಿತ ಘಟಕಕ್ಕೆ ತಲುಪಿಸೋಣ. ಬಳಸಿದ್ದು ನಾವು. ಅದರ ವಿಷವನ್ನು ಮುರಾದಾಬಾದಿನ ಮಗು ಉಣ್ಣಬೇಕೆಂಬುದು ಯಾವ ನ್ಯಾಯ?