ಮುದ್ದೆ, ಕಳಿ, ತಟ್ಟುವಡೆ

ಕಾಸರಗೋಡಿನವರಾದ ನಾವು 1956ರ ಗೆರೆಯೊಂದನ್ನೇ ಎಣಿಸುತ್ತೇವೆ. ಸೇಲಂ, ಧರ್ಮಪುರಿ ಸೀಮೆಯ ಕನ್ನಡಿಗರ ಲೆಕ್ಕ ಇನ್ನೂ ಹಳೆಯದು. 1792ರಲ್ಲಿ ಬಾರಾಮಹಲ್, 1799ರಲ್ಲಿ ಹೊಸೂರು ಮೈಸೂರಿನಿಂದ ಕಂಪನಿಯ ಕೈಸೇರಿದವು. ಸೇಲಂನಿಂದ 1965ರಲ್ಲಿ ಧರ್ಮಪುರಿ ಬೇರೆಯಾಯಿತು. ಧರ್ಮಪುರಿಯಿಂದ 2004ರಲ್ಲಿ ಹೊಸೂರು ಸಹಿತ ಕೃಷ್ಣಗಿರಿ. ಹೊಲದ ರಾಗಿ ಮಾತ್ರ ಅಲ್ಲೇ ಉಳಿಯಿತು. ಮನೆಯ ಮುದ್ದೆಗೆ ಹೋಟೆಲಿನಲ್ಲಿ ‘ಕಳಿ’ ಎನ್ನಬೇಕು. ಜತೆಗೆ ಒಳ್ಳೆಯ ಸಾರಿದ್ದರೆ ಹೆಸರಿಗೆ ಜಗಳವೇಕೆ?

ಸೇಲಂ ಪೇಟೆಗೆ ಹೋದವರು ಬೀದಿಬದಿಯ ‘ತಟ್ಟುವಡೆ ಸೆಟ್’ ತಿನ್ನದೆ ಬರಬಾರದು. ಎರಡು ಗರಿಗರಿ ಬಿಲ್ಲೆಗಳ ನಡುವೆ ಚಟ್ನಿ, ಈರುಳ್ಳಿ, ಕ್ಯಾರೆಟ್, ಬೀಟ್‌ರೂಟ್ ತುರಿ. ವಡೆಯೆಂಬುದು ಹೆಸರಿಗಷ್ಟೆ; ಅದು ನಮ್ಮ ನಿಪ್ಪಟ್ಟಿನ ನೆಂಟ. ಈ ಪೇಟೆಯ ದೇವಾಂಗ ನೇಕಾರರಲ್ಲೂ ಕನ್ನಡ ಮನೆಮಾತಿನವರಿದ್ದಾರೆ. ಮಕ್ಕಳು ಬೀದಿಯಲ್ಲಿ ಓದುವ ಬೋರ್ಡು ತಮಿಳಿನದು. ‘ಮುದ್ದೆ’ಯೆಂಬ ಮಾತನ್ನು ಅವರು ಕಲಿಯಬೇಕಾದದ್ದು ಅಡುಗೆಮನೆಯಲ್ಲಿ, ಅಜ್ಜಿ ಕೂಗಿ ಕರೆದಾಗ.