ಕೋಟೆ ಕಾಯುವ ಹೆಣ್ಣು, ಬೇಲಿಯಾಚೆಯ ಹೆಣ್ಣು

ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. ಐವತ್ತು ವರ್ಷ ದಾಟಿದ ಮೇಲೂ ಚಿತ್ರದುರ್ಗ ಜಿಲ್ಲೆಯವರಾದ ನಮಗೆ ಅದು ಹಳೆಯ ಸಿನಿಮಾ ಅನ್ನಿಸುವುದಿಲ್ಲ. ನವೆಂಬರ್ ತಿಂಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಯಾವುದಾದರೂ ಶಾಲೆಯ ಮುಂದೆ ನಿಂತು ನೋಡಿ. ಕಚ್ಚೆ ಹಾಕಿ ಸೀರೆ ಉಟ್ಟ ಹುಡುಗಿಯೊಬ್ಬಳು ಒನಕೆ ಎತ್ತಿ ಹಿಡಿದಿರುತ್ತಾಳೆ. ಧ್ವನಿವರ್ಧಕದಲ್ಲಿ ಪಿ.ಬಿ. ಶ್ರೀನಿವಾಸರ ಹಾಡು. ಆ ಹುಡುಗಿಯ ಹುಬ್ಬು, ಬಿಚ್ಚಿದ ಕೂದಲು, ಕಾಲಿಟ್ಟ ರೀತಿ ಎಲ್ಲವೂ ಜಯಂತಿಯವರದು. ಓಬವ್ವನ ಮುಖ ಹೇಗಿತ್ತೆಂದು ಕಂಡವರಿಲ್ಲವಾದ್ದರಿಂದ ಸಿನಿಮಾ ಕೊಟ್ಟ ಮುಖವನ್ನೇ ನಾವು ಇಟ್ಟುಕೊಂಡಿದ್ದೇವೆ. 2021ರಿಂದ ಸರ್ಕಾರವೇ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ವೇದಿಕೆಯ ಮೇಲೆ ‘ಹೆಣ್ಣೆಂದರೆ ಹೀಗಿರಬೇಕು’ ಎಂಬ ಧಾಟಿಯ ಭಾಷಣಗಳಾಗುತ್ತವೆ.

ಈ ಬಣ್ಣದ ಓಬವ್ವ ನಮ್ಮ ಕಡೆಯ ಹೆಂಗಸರಿಗೆ ಏನು ಹೇಳುತ್ತಾಳೆ ಎಂಬ ಪ್ರಶ್ನೆ ನನಗೆ ಬಹಳ ದಿನದಿಂದ ಇದೆ.

ನಾನು ಈ ಕಥೆಯನ್ನು ಮೊದಲು ಕೇಳಿದ್ದು ಅಜ್ಜಿಯ ಬಾಯಲ್ಲಿ. ಆಕೆಯ ಹೇಳಿಕೆಯಲ್ಲಿ ಯುದ್ಧ ಸಣ್ಣದು, ಊಟ ದೊಡ್ಡದು. ಕಾವಲಿನಿಂದ ಬಂದ ಗಂಡ, ಕಹಳೆ ಮುದ್ದಹನುಮ, ಉಣ್ಣಲು ಕೂತಿದ್ದಾನೆ. ಮನೆಯಲ್ಲಿ ನೀರಿಲ್ಲ. ನೀರಿಗೆ ಹೋದವಳಿಗೆ ಬಂಡೆಗಳ ನಡುವಿನ ಕಿಂಡಿಯಲ್ಲಿ ಸದ್ದು ಕೇಳುತ್ತದೆ. ಹೈದರನ ಸೈನಿಕರು ಒಬ್ಬೊಬ್ಬರಾಗಿ ತೆವಳಿಕೊಂಡು ಬರುತ್ತಿದ್ದಾರೆ. ಓಡಿ ಬಂದರೆ ಗಂಡ ಇನ್ನೂ ಉಣ್ಣುತ್ತಿದ್ದಾನೆ. ಉಣ್ಣುವ ಗಂಡಸನ್ನು ಎಬ್ಬಿಸಬಾರದು. ಅದಕ್ಕೇ ಒನಕೆ ತೆಗೆದುಕೊಂಡು ತಾನೇ ಹೋದಳು. ಅಜ್ಜಿ ಇಷ್ಟನ್ನು ಹೇಳಿ, ಹೆಣಗಳ ಲೆಕ್ಕಕ್ಕೆ ಹೋಗದೆ ಸುಮ್ಮನಾಗುತ್ತಿದ್ದಳು.

ಓಬವ್ವನ ಕಥೆ ನಮಗೆ ಮುಖ್ಯವಾಗಿ ಬಂದಿರುವುದೇ ಹೀಗೆ, ಬಾಯಿಂದ ಬಾಯಿಗೆ. ಆದರೂ ಅದು ಈ ನೆಲದ್ದೇ ಎಂಬುದಕ್ಕೆ ಹೆಸರೇ ಸಾಕ್ಷಿ. ಓಬಳ ನರಸಿಂಹನಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಓಬಯ್ಯ, ಓಬಣ್ಣ, ಓಬಮ್ಮ, ಓಬವ್ವ ಎಂಬ ಹೆಸರುಗಳು ಇಂದಿಗೂ ಊರೂರಲ್ಲಿ ಸಿಗುತ್ತವೆ. ಒನಕೆಯೂ ಹಾಗೆಯೇ. ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಶೇಂಗಾ ಬಂದು ಎಣ್ಣೆ ಗಿರಣಿಗಳ ಊರಾಗುವ ಮೊದಲು ಇಲ್ಲಿ ನವಣೆ, ಸಾಮೆ, ಸಜ್ಜೆಗಳೇ ಹೊಟ್ಟೆ ತುಂಬಿಸುತ್ತಿದ್ದವು. ನವಣೆಯ ಸಿಪ್ಪೆ ಕುಟ್ಟದೆ ಬಿಡುವುದಿಲ್ಲ. ಹಿಟ್ಟಿನ ಗಿರಣಿ ಊರಿಗೆ ಬರುವವರೆಗೂ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಕುಟ್ಟಬೇಕಿತ್ತು, ಬೀಸಬೇಕಿತ್ತು. ಓಬವ್ವನ ತೋಳಿಗೆ ಆ ಬಲ ಒಂದು ದಿನದಲ್ಲಿ ಬಂದದ್ದಲ್ಲ. ಸಿನಿಮಾ ಊಟವನ್ನೂ ನೀರನ್ನೂ ತೋರಿಸುತ್ತದೆ ನಿಜ, ಆದರೆ ಬೇಗ ದಾಟಿಹೋಗುತ್ತದೆ. ಅಜ್ಜಿ ನಿಂತ ಕಡೆ ಸಿನಿಮಾ ನಿಲ್ಲುವುದಿಲ್ಲ.

ಪುಟ್ಟಣ್ಣ ಹೆಣ್ಣಿನ ಕಷ್ಟ ಅರಿಯದ ನಿರ್ದೇಶಕರೇನಲ್ಲ. ತ್ರಿವೇಣಿಯವರ ಕಾದಂಬರಿಗಳಿಂದ ‘ಬೆಳ್ಳಿಮೋಡ’, ‘ಶರಪಂಜರ’ ಮಾಡಿದವರು, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ತೆರೆಗೆ ತಂದವರು ಅವರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ‘ನಾಗರಹಾವು’ವಿನಲ್ಲೂ ಹೆಣ್ಣಿನ ದುಃಖ ದೊಡ್ಡದಾಗಿಯೇ ಇದೆ. ಆರತಿಯವರ ಅಲಮೇಲು ಪ್ರೀತಿಸಿದವನನ್ನು ಮದುವೆಯಾಗುವಂತಿಲ್ಲ, ಪಂಗಡ ಬೇರೆ. ಹಿರಿಯರು ಒಪ್ಪಿದವನ ಕೈ ಹಿಡಿದು ಕೊನೆಗೆ ಮೈ ಮಾರುವ ಮನೆ ಸೇರುತ್ತಾಳೆ. ಮಾರ್ಗರೆಟ್‌ಗೆ ಧರ್ಮ ಅಡ್ಡ. ಅವಳಿಗೆ ಉಳಿಯುವುದು ಸಾವೊಂದೇ. ಓಬವ್ವನ ಹಾಡು ಈ ಕಥೆಯ ನಡುವೆ, ಕಥೆಗೆ ನೇರ ನಂಟಿಲ್ಲದೆ ಬಂದು ಹೋಗುತ್ತದೆ.

ಹಾಡನ್ನೂ ಕಥೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡದ್ದು ಇದು. ಒಂದೇ ಊರು, ಒಂದೇ ಬಂಡೆಗಳು. ಊರಿನ ಗೋಡೆ ಕಾಯಲು ಸತ್ತ ಹೆಣ್ಣಿಗೆ ಹಾಡು ಸಿಕ್ಕಿತು. ಊರು ಹಾಕಿದ ಗೋಡೆ ದಾಟಲು ಹೋದ ಇಬ್ಬರಲ್ಲಿ ಒಬ್ಬಳು ಸೂಳೆಯಾದಳು, ಒಬ್ಬಳು ಹೆಣವಾದಳು. ಪುಟ್ಟಣ್ಣ ಇದನ್ನು ಬೇಕೆಂದೇ ಎದುರುಬದುರು ಇಟ್ಟರೋ ಇಲ್ಲವೋ, ಸಿನಿಮಾದಲ್ಲಂತೂ ಇದೆ. ಆದರೆ ಜಯಂತಿಯ ವೇದಿಕೆಗೆ ಬಂದದ್ದು ಹಾಡು ಮಾತ್ರ. ಶಾಲೆಯ ಹುಡುಗಿಗೆ ಯಾರೂ ಅಲಮೇಲು ವೇಷ ಹಾಕಿಸುವುದಿಲ್ಲ.

ಇತಿಹಾಸದಲ್ಲೂ ಹೀಗೇ ಆಗಿದೆ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾದ. ಆಮೇಲೆ ಈ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ‘ಚೇಲಾ’ ಪಡೆಗೆ ಸೇರಿಸಿದರೆಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. 20,000 ಜನರೆಂದರೆ ಅದರಲ್ಲಿ ಎಷ್ಟು ಸಾವಿರ ಹೆಂಗಸರಿದ್ದಿರಬೇಕು? ಬೀಸುವ ಕಲ್ಲು ಬಿಟ್ಟು, ಕೂಸು ಕಟ್ಟಿಕೊಂಡು ನಡೆದವರು. ಗಂಡು ಮಕ್ಕಳು ಪಡೆಯ ಪಾಲಾದುದನ್ನು ನೋಡಿದವರು. ಕಿಂಡಿಯ ಬಳಿ ಒಬ್ಬಳು ಗೆದ್ದ ಕಥೆ ನಮಗೆ ಬಾಯಿಪಾಠ. ಕೋಟೆ ಬಿದ್ದ ದಿನ ಸೋತ ಈ ಸಾವಿರಾರು ಜನರಲ್ಲಿ ಒಬ್ಬಳ ಹೆಸರೂ ನಮಗೆ ಗೊತ್ತಿಲ್ಲ.

ದುರ್ಗದ ಕಲ್ಲಿನ ಕೋಟೆ ಬಿಟ್ಟು ಚಳ್ಳಕೆರೆಯ ಬಯಲಿಗೆ ಬಂದರೆ ಗೋಡೆಯ ಬದಲು ಮುಳ್ಳುಬೇಲಿ. ಕಾಡುಗೊಲ್ಲರ ಹಟ್ಟಿಗಳನ್ನು ಸಂಪ್ರದಾಯದಂತೆ ಕಟ್ಟುತ್ತಿದ್ದದ್ದೇ ಹಾಗೆ, ಸುತ್ತ ಮುಳ್ಳಿನ ಬೇಲಿ, ಒಳಗೆ ದೇವರು, ಕುರಿ, ಮನೆ. ಮುಟ್ಟಾದವಳು, ಹಡೆದವಳು ಬೇಲಿಯ ಹೊರಗೆ. ಮುಟ್ಟಿಗೆ ಕೆಲವು ದಿನ, ಬಾಣಂತಿಗೆ ವಾರಗಟ್ಟಲೆ, ಕೆಲವೆಡೆ ಅದಕ್ಕೂ ಹೆಚ್ಚು. ಮಳೆ, ಚಳಿ, ಹಾವು, ಹುಳ ಎಲ್ಲವೂ ಆ ಗುಡಿಸಲಿನ ಪಾಲು. ಎಲ್ಲ ಹಟ್ಟಿಗಳಲ್ಲೂ ಈಗ ಒಂದೇ ಬಗೆಯಾಗಿ ಇಲ್ಲ. ಓದಿದ ಹುಡುಗಿಯರು ಪ್ರಶ್ನೆ ಕೇಳುತ್ತಿದ್ದಾರೆ. ಮುಟ್ಟಾದವರನ್ನು, ಬಸುರಿಯರನ್ನು ಹೀಗೆ ಹೊರಗಿಡುವುದನ್ನು 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದಿದೆ. ಅದೇ ಸರ್ಕಾರ ಹಟ್ಟಿಗಳ ಹತ್ತಿರ ‘ಕೃಷ್ಣ ಕುಟೀರ’ಗಳನ್ನೂ ಕಟ್ಟಿಸಿತು. ಗುಡಿಸಲಿನ ಬದಲು ಸಿಮೆಂಟಿನ ಮನೆ. ತಲೆಗೊಂದು ಸೂರು ಸಿಕ್ಕಿತು, ಹೊರಗೇ ಇರಬೇಕಾದದ್ದು ತಪ್ಪಲಿಲ್ಲ. ಕೋಟೆಯೊಳಕ್ಕೆ ಶತ್ರು ಬಾರದಂತೆ ತಡೆದವಳು ವೀರವನಿತೆ ಸರಿ, ತನ್ನ ಹಟ್ಟಿಯೊಳಕ್ಕೆ ತಾನೇ ಹೋಗಲಾಗದವಳಿಗೆ ಆ ಹಾಡಿನಲ್ಲಿ ಜಾಗ ಎಲ್ಲಿ?

ಹಾಗೆಂದು ಆ ಹಟ್ಟಿಯ ಹೆಂಗಸರನ್ನು ಬರೀ ಕನಿಕರದಿಂದ ನೋಡಿದರೆ ಅದೂ ತಪ್ಪಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವಳಲ್ಲ. ಆಕೆಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ದೇವರ ಕಥೆ, ದನ ಕುರಿಗಳ ಕಥೆ, ಮದುವೆ, ತವರು, ಬಸುರಿ, ಬಾಣಂತಿ, ಸಾವು ಎಲ್ಲವೂ. ಕೃಷ್ಣಮೂರ್ತಿ ಹನೂರರು ಆಕೆಯ ಬಳಿ ಕೂತು ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅಂಥ ಪದಗಳನ್ನು ಹೆಂಗಸರು ಹಾಡಿಕೊಂಡದ್ದು ಕೆಲಸ ಮಾಡುತ್ತಾ, ತಮಗಾಗಿ. ವೇದಿಕೆ ಕಾಣದಿದ್ದರೂ ಅವು ಉಳಿದವು. ಓಬವ್ವನ ಬದುಕಿನ ಆ ಒಂದು ಗಳಿಗೆಯನ್ನು ಸಿನಿಮಾ ಹಾಡಿತು. ಅವಳು ಕುಟ್ಟಿದ ಉಳಿದೆಲ್ಲ ದಿನಗಳು ಈ ಪದಗಳಲ್ಲಿವೆ.

ಮೊಳಕಾಲ್ಮುರಿಗೆ ಹೋದರೆ ಬೇರೆ ಬಗೆಯ ಮಿನುಗು. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಗುಡಿಗೋಪುರದ ಅಂಚು, ಮೈತುಂಬ ಹೂವು, ಹಣ್ಣು, ಹಕ್ಕಿ. ಕೈಮಗ್ಗದಲ್ಲಿ ಒಂದು ಸೀರೆ ಇಳಿಯಲು ದಿನಗಟ್ಟಲೆ ಬೇಕು. ಮಗ್ಗದ ಗುಂಡಿಯಲ್ಲಿ ಕೂತು ಲಾಳಿ ಎಸೆಯುವವನು ಸಾಮಾನ್ಯವಾಗಿ ಮನೆಯ ಗಂಡಸು, ನೇಕಾರ ಎಂದು ಕರೆಸಿಕೊಳ್ಳುವವನೂ ಅವನೇ. ನೂಲು ಬಿಡಿಸಿ, ರಾಟೆ ತಿರುಗಿಸಿ, ಕಂಡಿಕೆ ಸುತ್ತಿ ಅವನ ಕೈಗೆ ಕೊಡುವವಳು ಹೆಂಡತಿ ಇಲ್ಲವೇ ಮಗಳು. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ. ಆದರೂ ಅವಳ ಕೆಲಸಕ್ಕೆ ಬೇರೆ ಕೂಲಿಯ ಲೆಕ್ಕ ಬಹಳ ಮನೆಗಳಲ್ಲಿ ಇಲ್ಲ, ಅದು ಅಡುಗೆಯಂತೆ, ನೀರು ತರುವಂತೆ. ಆ ಸೀರೆ ಅವಳ ಮೈಮೇಲೆ ಬರುವುದು ಅಪರೂಪ.

‘ನಾಗರಹಾವು’ 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ, ಇನ್ನಷ್ಟು ಹೊಳಪಿನೊಂದಿಗೆ ಮತ್ತೆ ತೆರೆಗೆ ಬಂತು. ಜನ ಮತ್ತೆ ಸಿಳ್ಳೆ ಹೊಡೆದರು. ಆ ಸಿಳ್ಳೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಾವಲುಗಾರನ ಹೆಂಡತಿಯೊಬ್ಬಳು, ಅರಮನೆಯವಳಲ್ಲದವಳು, ಇಡೀ ನಾಡಿನ ತೆರೆ ತುಂಬಿದ್ದು ಸಣ್ಣ ಮಾತಲ್ಲ. ಕಿತ್ತೂರಿಗೂ ಕೆಳದಿಗೂ ರಾಣಿಯರಿದ್ದರು, ನಮಗೆ ಸಿಕ್ಕವಳು ನೀರಿಗೆ ಹೋದ ಹೆಂಗಸು. ಹಾಗಾಗಿ ಆ ಸಿನಿಮಾ ನಮ್ಮ ಹೆಂಗಸರೊಂದಿಗೆ ಮಾತಾಡಿದ್ದು ನಿಜ, ಆದರೆ ಮಾತು ಅರ್ಧಕ್ಕೇ ನಿಂತಿತು. ನೀನು ಊರನ್ನು ಉಳಿಸಬಲ್ಲೆ ಎಂದಿತು. ಊರು ನಿನ್ನನ್ನು ಉಳಿಸುತ್ತದೆಯೇ ಎಂದು ಅಲಮೇಲುವಿನ ಕಥೆಯಲ್ಲಿ ಕೇಳಿದ್ದನ್ನು ನಾವು ಕೇಳಿಸಿಕೊಳ್ಳಲಿಲ್ಲ.

ಮುಂದಿನ ನವೆಂಬರಿನಲ್ಲೂ ಹುಡುಗಿಯರು ಒನಕೆ ಹಿಡಿಯಲಿ. ಜೊತೆಗೆ ಅವರ ಮೇಷ್ಟರು ಆ ಒನಕೆ ಯಾತಕ್ಕೆ ಮನೆಯಲ್ಲಿತ್ತು, ದಿನಕ್ಕೆಷ್ಟು ನವಣೆ ಕುಟ್ಟುತ್ತಿದ್ದರು, ಕೋಟೆ ಬಿದ್ದ ಮೇಲೆ ಹೆಂಗಸರು ಏನಾದರು ಎಂದೂ ಕೇಳಲಿ. ಉತ್ತರ ಗೊತ್ತಿರುವ ಮುದುಕಿಯರು ಹಟ್ಟಿಗಳಲ್ಲಿ, ಮಗ್ಗದ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಹೋಗಿ ಕೂತು ಕೇಳಿದರೆ ಹೇಳುತ್ತಾರೆ.