ಹಿಮ್ಮಡಿಗೆ ಬಿಟ್ಟ ಜಾಗ

ಸೈಕಲ್ಲಿನ ಚರಿತ್ರೆಯಲ್ಲಿ ಚಕ್ರ, ಚೈನು, ಟೈರುಗಳ ಕಥೆ ಧಾರಾಳವಾಗಿ ಸಿಗುತ್ತದೆ. ಸವಾರ ತನ್ನ ಗಂಟುಮೂಟೆಯನ್ನು ಎಲ್ಲಿಟ್ಟುಕೊಂಡ ಎಂಬುದನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಹಳೆಯ ಛಾಯಾಚಿತ್ರ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದನ್ನೇ. ಚೀಲ ಕಂಡರೆ, ಕಾಲಿಗೆ ಎಷ್ಟು ಜಾಗ ಉಳಿದಿತ್ತೆಂಬುದೂ ಕಾಣುತ್ತದೆ.

1884ರ ಏಪ್ರಿಲ್‌ನಲ್ಲಿ ಥಾಮಸ್ ಸ್ಟೀವನ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಆಗಸ್ಟ್‌ನಲ್ಲಿ ಬಾಸ್ಟನ್ ಮುಟ್ಟಿದ. ಮುಂದೆ ಲೋಕವನ್ನೇ ಸುತ್ತಿದ. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಗೂ ಸೈಕಲ್ ತುಳಿದ. ಅವನದು ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಗಾಡಿ. ಪೆಡಲುಗಳು ಮುಂದಿನ ಚಕ್ರಕ್ಕೇ ಅಂಟಿಕೊಂಡಿದ್ದವು. ಸಾಮಾನು ಹ್ಯಾಂಡಲ್ಲಿನ ಚೀಲದಲ್ಲಿ: ಕಾಲುಚೀಲ, ಒಂದು ಅಂಗಿ, ಡೇರೆಯೂ ಹಾಸಿಗೆಯೂ ಆಗುತ್ತಿದ್ದ ಮಳೆಯಂಗಿ, ಒಂದು ರಿವಾಲ್ವರ್. ಅಷ್ಟು ಕಡಿಮೆ ಹೊತ್ತವನಿಗೆ ಕಾಲಿಗೆ ಏನೂ ತಗಲುವ ಚಿಂತೆಯಿರಲಿಲ್ಲ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಸೈಕಲ್ಲನ್ನು ಹೊರತಂದ. ಚೈನು ಹಿಂದಿನ ಚಕ್ರಕ್ಕೆ ಹೋಯಿತು, ಪೆಡಲು ಎರಡು ಚಕ್ರಗಳ ನಡುವೆ ಬಂತು. ಸವಾರ ನೆಲಕ್ಕೆ ಹತ್ತಿರವಾದ, ಸಾಮಾನಿಗೆ ಹಿಂದೆ ಜಾಗ ಸಿಕ್ಕಿತು. ಆದರೆ ಹೊಸದೊಂದು ಜಗಳವೂ ಹುಟ್ಟಿತು, ಹಿಮ್ಮಡಿಗೂ ಚೀಲಕ್ಕೂ.

ಲೆಕ್ಕ ಸರಳ. ಪೆಡಲಿನ ಕ್ರ್ಯಾಂಕ್ ಸುಮಾರು 17 ಸೆಂಟಿಮೀಟರ್. ಪಾದದ ಮುಂಭಾಗ ಪೆಡಲಿನ ಮೇಲಿದ್ದರೆ ಹಿಮ್ಮಡಿ ಇನ್ನೂ ಅಷ್ಟೇ ಹಿಂದಕ್ಕೆ ಚಾಚುತ್ತದೆ. ಅಂದರೆ ತುಳಿಯುವಾಗ ಹಿಮ್ಮಡಿ ಕ್ರ್ಯಾಂಕಿನ ನಡುಬಿಂದುವಿನಿಂದ 34 ಸೆಂಟಿಮೀಟರ್ ಹಿಂದೆ ಹೋಗಿ ಬರುತ್ತದೆ. ರೇಸ್ ಸೈಕಲ್ಲಿನಲ್ಲಿ ಹಿಂಚಕ್ರದ ಅಚ್ಚು ಇರುವುದು ಸುಮಾರು 41 ಸೆಂಟಿಮೀಟರ್ ದೂರದಲ್ಲಿ. ಅಚ್ಚಿನ ನೇರಕ್ಕೆ 30 ಸೆಂಟಿಮೀಟರ್ ಅಗಲದ ಚೀಲ ತೂಗಿದರೆ ಅದರ ಮುಂಭಾಗ ಹಿಮ್ಮಡಿಯ ದಾರಿಗೇ ಬರುತ್ತದೆ. ಚೀಲವನ್ನು ಹಿಂದೆ ಸರಿಸಿದರೆ ಭಾರ ಅಚ್ಚಿನಾಚೆ ಹೋಗಿ ಮುಂಚಕ್ರ ಹಗುರಾಗಿ, ಹ್ಯಾಂಡಲ್ ಹಿಡಿತಕ್ಕೆ ಸಿಗದೆ ತೂಗಾಡುತ್ತದೆ. ಆದ್ದರಿಂದಲೇ ದೂರ ಪಯಣದ ಸೈಕಲ್ಲುಗಳ ಹಿಂಭಾಗ ಉದ್ದ. ಅವುಗಳ ಚೀಲಗಳ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ.

ಈ ಜಗಳಕ್ಕೆ ಸೈನ್ಯಗಳೂ ತಮ್ಮದೇ ಉತ್ತರ ಹುಡುಕಿಕೊಂಡವು. 1897ರಲ್ಲಿ ಅಮೆರಿಕದ 25ನೆಯ ಪದಾತಿದಳದ 20 ಕಪ್ಪು ಸೈನಿಕರು, ಬಿಳಿಯ ಅಧಿಕಾರಿ ಜೇಮ್ಸ್ ಮಾಸ್‌ನೊಂದಿಗೆ, ಮೊಂಟಾನಾದ ಮಿಸ್ಸೌಲಾದಿಂದ ಸೇಂಟ್ ಲೂಯಿಸ್‌ವರೆಗೆ ಸುಮಾರು 3,000 ಕಿಲೋಮೀಟರ್ ತುಳಿದರು. ಅವರ ಸಾಮಾನು ಫ್ರೇಮಿನ ನಡುವಿನ ಪೆಟ್ಟಿಗೆಯಲ್ಲಿ, ಕಂಬಳಿಯ ಸುರುಳಿ ಹ್ಯಾಂಡಲ್ಲಿನ ಮೇಲೆ. ಫ್ರೇಮಿನೊಳಗಿನ ಪೆಟ್ಟಿಗೆ ತೆಳ್ಳಗಿರಲೇಬೇಕು, ದಪ್ಪವಾದರೆ ಮಂಡಿ ಉಜ್ಜುತ್ತದೆ. ಯಾರದೇ ಹುಕುಮಿದ್ದರೂ ಪೆಟ್ಟಿಗೆಯ ಅಳತೆಯನ್ನು ನಿರ್ಧರಿಸಿದ್ದು ತುಳಿಯುವವನ ಕಾಲು.

1954ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುವಿಗೆ ಅಕ್ಕಿ, ಮದ್ದುಗುಂಡು ಸಾಗಿಸಿದ ಸೈಕಲ್ಲುಗಳ ಚಿತ್ರಗಳಲ್ಲಿ ಕಾಣುವುದು ಇದರ ತದ್ವಿರುದ್ಧ. ಒಂದೊಂದರ ಮೇಲೆ 200 ಕಿಲೋಗೂ ಹೆಚ್ಚು ಭಾರ. ಎರಡೂ ಬದಿ ಮೂಟೆ ತುಂಬಿದ ಮೇಲೆ ಕಾಲಿಗೆ ಒಂದು ಅಂಗುಲವೂ ಉಳಿದಿಲ್ಲ. ಹ್ಯಾಂಡಲ್ಲಿಗೆ ಬಿದಿರಿನ ಕೋಲು ಕಟ್ಟಿ, ಪಕ್ಕದಲ್ಲಿ ನಡೆಯುತ್ತ ತಳ್ಳಿದರು. ಸವಾರ ಕೆಳಗಿಳಿದಿದ್ದಾನೆ, ಹೊರೆ ಮೇಲೇರಿದೆ. ಅವರು ಗೆದ್ದರು, ಆ ಗೆಲುವು ನಡೆದು ಬಂದ ಗೆಲುವು.

ನಮ್ಮ ಊರುಗಳ ಹಾಲಿನವರು ಇವೆರಡರ ನಡುವಿನ ದಾರಿ ಹಿಡಿದವರು. ಕ್ಯಾರಿಯರಿನ ಎರಡೂ ಬದಿಗೆ ಕ್ಯಾನು ತೂಗುಹಾಕಿ, ತುಳಿಯುತ್ತಲೇ ಮನೆಮನೆಗೆ ಹೋದರು. ನನಗೆ ಆ ಸಣ್ಣ ಸಂದು ಮುಖ್ಯವೆನಿಸುತ್ತದೆ. ಕ್ಯಾನಿಗೂ ಹಿಮ್ಮಡಿಗೂ ನಡುವೆ ಅಷ್ಟು ಜಾಗ ಉಳಿದಿರುವವರೆಗೆ ಹೊರೆ ಹೊತ್ತವನು ಸವಾರನೂ ಆಗಿರುತ್ತಾನೆ.